ಸಪ್ತಮಿಯ ಅಲ್ಲಿ

ಎಂಟನೇ ತರಗತಿ, ಮೂವತ್ತೊಂದು ಉತ್ತರಪತ್ರಿಕೆ.
ಅಂಬಾರಗೋಡ್ಲಿನ ದಂಡೆಯಲ್ಲಿ ಲಾಂಚಿಗೆ ಕಾಯುತ್ತ
ತೊಡೆಯ ಮೇಲಿಟ್ಟು ತಿದ್ದುತ್ತಿದ್ದೇನೆ.
ಸಪ್ತಮೀ ವಿಭಕ್ತಿಗೆ ಉದಾಹರಣೆ ಬರೆಯಿರಿ. ಒಂದು ಅಂಕ.
ಮನೆಯಲ್ಲಿ, ಮನೆಯಲ್ಲಿ, ಮರದಲ್ಲಿ, ಮನೆಯಲ್ಲಿ,
ಒಬ್ಬ ಪುಣ್ಯಾತ್ಮ ಮೊಬೈಲಲ್ಲಿ.
ಎಲ್ಲರಿಗೂ ಒಂದೊಂದು ರೈಟು.
ಇಪ್ಪತ್ತನಾಲ್ಕನೆಯದು ಸಿಂಚನಾಳದು:
‘ನಮ್ಮ ಊರು ಹೊಳೆಯಲ್ಲಿ ಇದೆ.’

ಕೆಂಪು ಪೆನ್ನು ತಡೆಯಿತು.
ಹೊಳೆಯ ದಂಡೆಯಲ್ಲಿ ಎಂದಿರಬೇಕು,
ಅವಸರದ ಹುಡುಗಿ, ದಂಡೆಯನ್ನೇ ನುಂಗಿದಳು.
ಸೊನ್ನೆ ಹಾಕಲೂ ಮನಸ್ಸಾಗದೆ ಮಡಚಿಟ್ಟೆ.

ಚೀಲದಲ್ಲಿ ಇನ್ನೊಂದು ಪುಸ್ತಕ, ಜೆರಾಕ್ಸು,
ಶಿವಮೊಗ್ಗದ ಗೆಳತಿ ಮೆಹರಾಜ್ ಬೈಂಡು ಮಾಡಿಸಿ ಕೊಟ್ಟದ್ದು.
ಕರುಕ್ ಎಂಬ ಜನ. ಕಡಲುಗಳಾಚೆ
ಒಂದು ಗುಡ್ಡಗಾಡಿನ ಹೊಳೆಗುಂಟ ಇದ್ದವರು, ಇರುವವರು.
ಅವರ ದಿಕ್ಕುಗಳಿಗೆ ಸೂರ್ಯನ ಹಂಗಿಲ್ಲ:
ಕಾರುಕ್, ಹೊಳೆಯ ಮೇಲಕ್ಕೆ. ಯೂರುಕ್, ಹೊಳೆಯ ಕೆಳಕ್ಕೆ.
ಮಾರುಕ್, ಗುಡ್ಡದ ಕಡೆ. ಸಾರುಕ್, ನೀರಿನ ಕಡೆ.
ನನ್ನದು ಕನ್ನಡದ ಕಿವಿ, ಸುಮ್ಮನಿರದು.
ಸಾರುಕ್ ಎನ್ನುವುದರಲ್ಲಿ ಹಳೆಯ ‘ಸಾರು’ ಕೇಳಿತು,
ಹತ್ತಿರ ಹೋಗು ಎನ್ನುವ ಸಾರು.
ಯೂರುಕ್ ಒಳಗೆ ಊರು.
ಸಂಬಂಧವಿಲ್ಲ, ಗೊತ್ತು. ಕಾಗೆ ಕೂತದ್ದು, ಕೊಂಬೆ ಮುರಿದದ್ದು.

ಹೆಸರಿಗೆ ಅಂಟಲು ಅವರಿಗೂ ಒಂದು ಪುಟ್ಟ ಅಕ್ ಇದೆ,
ನಮ್ಮ ಅಲ್ಲಿಯ ಹಾಗೆ.
ಆದರೆ ದಾರಿ ಇರುವುದು ಕ್ರಿಯಾಪದದ ಬಾಲದಲ್ಲಿ.
ಒಯ್ದ ಎಂದರೆ ಸಾಲದು.
ಮೇಲ್ಹೊಳೆಗೋ, ಮನೆಯೊಳಕ್ಕೋ, ಬೆಂಕಿಯೊಳಕ್ಕೋ,
ಒಂದೊಂದಕ್ಕೆ ಒಂದೊಂದು ತುದಿ.
ಎಸೆದ ಎಂಬ ಮಾತು ಮುಗಿಯುವಷ್ಟರಲ್ಲಿ
ಕಲ್ಲು ಎತ್ತ ಹೋಯಿತೆಂದು ತಿಳಿದಿರುತ್ತದೆ.
ನಾವೋ, ‘ಹೋದ’ ಎನ್ನುತ್ತೇವೆ.
ಪೇಟೆಗೆ ಹೋದವನಿಗೂ ಅದೇ, ಸತ್ತವನಿಗೂ ಅದೇ.

ಲಾಂಚು ಬಂತು. ಮೂರು ಬೈಕು, ಒಂದು ಜೀಪು, ಹಿಂಡಿ ಚೀಲಗಳು.
ಸೇತುವೆಯ ಹೊಸ ಕಂಬಗಳು ನೀರಲ್ಲಿ ಮಂಡಿಯೂರಿದ್ದವು.
ಕೆರಿಯಪ್ಪನಿಗೆ ಈಗ ಕೆಲಸವಿಲ್ಲ, ಸಂಬಳವಿಲ್ಲ,
ಆದರೂ ದಿನಾ ಬಂದು ಚುಕ್ಕಾಣಿಯ ಹುಡುಗನಿಗೆ ಕೂಗುತ್ತಾನೆ:
‘ಮೇಲ್ಹೊಳಿಗೆ ತಿರುಗ್ಸೋ! ಸಾಕು ಸಾಕು.
ಈಗ ಕೆಳಹೊಳಿಗೆ ಒಂಚೂರು.’
ಹುಡುಗ ನಗುತ್ತಾನೆ. ಅವನಿಗೆ ಎಡ ಬಲ ಸಾಕು.

ನಕ್ಕರೆ ತಪ್ಪೂ ಇಲ್ಲ. ಅಣೆಕಟ್ಟಿನ ಹಿಂದೆ ನಿಂತ ನೀರಿದು,
ತಟ್ಟೆಗೆ ಬಡಿಸಿದ ಗಂಜಿ.
ಇದಕ್ಕೆ ಎಲ್ಲಿಯ ಮೇಲು, ಎಲ್ಲಿಯ ಕೆಳಗು?
ಕೇಳಿಯೇ ಬಿಟ್ಟೆ.
ಕೆರಿಯಪ್ಪ ನನ್ನ ಮುಖ ನೋಡಲಿಲ್ಲ.
ನೀರಿನ ಮೇಲೆ ಗಾಳಿಯಲ್ಲೇ ಒಂದು ಗೆರೆ ಎಳೆದ, ಸೊಟ್ಟಗೆ.
‘ಹೊಳೆ ಇಲ್ಲೇ ಐತಲ್ಲ ಅಕ್ಕೋರೇ, ಅಡಿಗೆ.
ಇಲ್ಲಿ ತಿರುವು. ಇಲ್ಲಿ ನಮ್ಮ ಗದ್ದೆ.
ಅಗಾ, ಆ ಬಾಟ್ಲಿ ತೇಲ್ತಾ ಐತಲ್ಲ,
ಅದರ ಬುಡಕ್ಕೆ ಕೊಟ್ಟಿಗೆ.’

ಲಾಂಚು ಕೊಟ್ಟಿಗೆಯ ಮೇಲೆ ಹಾಯಿತು.
ಯಾವ ದನವೂ ತಲೆಯೆತ್ತಲಿಲ್ಲ.

‘ನಮ್ಮ ಮೊಮ್ಮಗಳು ನಿಮ್ಮ ಹತ್ರಾನೇ ಓದೋದು.
ಊರು ಎಲ್ಲಿ ಅಂತ ಯಾರಾರ ಕೇಳಿದ್ರೆ ಏನನ್ಲಿ ಅಂದ್ಲು.
ಅಲ್ಲಿ ಅನ್ನು ಅಂದೆ.’

ಅಲ್ಲಿ.
ಹತ್ತೊಂಬತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ,
ನಾಮಪದ ಬೇಕು ಇದಕ್ಕೆ, ಒಂಟಿಯಾಗಿ ನಿಲ್ಲದು ಎಂದು.
ಬೆರಳು ಚಾಚಿದರೆ
ಅದೇ ಒಂದು ಜಾಗವಾಗುತ್ತದೆಂದು
ಒಂದು ದಿನವೂ ಹೇಳಲಿಲ್ಲ.

ಕಳಸವಳ್ಳಿ ಬರುವ ಮೊದಲೇ ಕಟ್ಟು ಬಿಚ್ಚಿ
ಇಪ್ಪತ್ತನಾಲ್ಕನೆಯದನ್ನು ಹುಡುಕಿದೆ,
ಜೀಪಿನ ಬಾನೆಟ್ಟಿಗೆ ಒತ್ತಿ ಹಿಡಿದು ರೈಟು ಹಾಕಿದೆ.
ಲಾಂಚು ಕುಲುಕಿತು. ಕೆಂಪು ಗೆರೆ
ಉತ್ತರವನ್ನು ದಾಟಿ, ಅಂಚನ್ನು ದಾಟಿ,
ಕೆಳಹೊಳೆಗೆ ಹೋಯಿತು.